ಕಂಬಳಿ ಕೊಪ್ಪೆಯ ಕೊಲೆಗಾರ: ಮಲೆನಾಡಿನಲ್ಲೊಂದು ಸ್ಲಾಷರ್ ಮಾಡಿದ ಅನುಭವ

ಹಳೆಯ ಹಾರರ್ ಸಿನಿಮಾಗಳಿಗೆ ಗೌರವ ಸಲ್ಲಿಸುವ ಒಂದು ಸ್ಲಾಷರ್, ಅಂದರೆ ಸರಣಿ ಕೊಲೆಗಳ, ಕಿರುಚಿತ್ರ ಮಾಡುತ್ತಿದ್ದೇನೆ ಎಂದಾಗ ಗೆಳೆಯರೆಲ್ಲ ಕೇಳಿದ್ದು ಒಂದೇ: 'ಯಾವ್ಯಾವ ಶಾಟ್ ಎತ್ತೀಯ?' ಅವರದೇನೂ ತಪ್ಪಿಲ್ಲ. ಗೌರವದ ಹೆಸರಿನಲ್ಲಿ ಈಗ ಬರುವ ಬಹುಪಾಲು ಸಿನಿಮಾಗಳಲ್ಲಿ ಸ್ನಾನದ ಪರದೆ ಇರುತ್ತದೆ, ಬಿಳಿ ಮುಖವಾಡ ಇರುತ್ತದೆ, ಫೋನ್ ಎತ್ತಿದರೆ ಆ ಕಡೆಯಿಂದ ಬರೀ ಉಸಿರಾಟ ಕೇಳುತ್ತದೆ. ನೋಡುವವನು 'ಓ, ಇದು ಅದರದ್ದು' ಎಂದು ಗುರುತು ಹಿಡಿದು ಖುಷಿಪಡುತ್ತಾನೆ. ಗುರುತು ಹಿಡಿದ ಖುಷಿಯಲ್ಲಿರುವವನನ್ನು ಹೆದರಿಸುವುದು ಕಷ್ಟ. ನನಗೆ ಬೇಕಿದ್ದದ್ದು ಹೆದರಿಕೆ. ಹಾಗಾಗಿ ಶಾಟ್‌ಗಳ ಪಟ್ಟಿ ಮಾಡುವುದನ್ನು ಬಿಟ್ಟು, ಆ ಸಿನಿಮಾ ಮಾಡಿದವರು ಕೈಯಲ್ಲಿ ದುಡ್ಡಿಲ್ಲದಾಗ ಏನೇನು ಮಾಡಿದರು ಎಂದು ಓದುತ್ತ ಕೂತೆ. ನಮ್ಮ ಕೈಯಲ್ಲೂ ದುಡ್ಡಿರಲಿಲ್ಲ. ಆ ವಿಷಯದಲ್ಲಂತೂ ನಾವು ಅವರ ನೇರ ವಾರಸುದಾರರು.

ನಮ್ಮ ಕಡೆಯ ಪ್ರೇಕ್ಷಕರಿಗೆ ಹಾರರ್ ಎಂದರೆ ಮೊದಲು ನೆನಪಾಗುವುದು ದೆವ್ವ. 1979ರ 'ನಾ ನಿನ್ನ ಬಿಡಲಾರೆ'ಯಿಂದ ಹಿಡಿದು 'ಆಪ್ತಮಿತ್ರ'ದವರೆಗೆ ಮೈಮೇಲೆ ಬರುವ ಕಥೆಗಳೇ ಮನೆಮಾತು. ಹಿಂದಿಯಲ್ಲಿ ಇಡೀ ಕುಟುಂಬವೇ ಸೇರಿ ಸಿನಿಮಾ ಮಾಡುತ್ತಿದ್ದ ರ‍್ಯಾಮ್ಸೆ ಸಹೋದರರದ್ದೂ ಪಾಳುಬಂಗಲೆ, ಶಾಪ, ರಾಕ್ಷಸರ ಲೋಕ. ಸ್ಲಾಷರ್‌ನಲ್ಲಿ ಶಾಪವಿಲ್ಲ, ಮಂತ್ರವಾದಿಯಿಲ್ಲ. ಒಬ್ಬ ಮನುಷ್ಯ, ಒಂದು ಆಯುಧ, ಒಬ್ಬೊಬ್ಬರಾಗಿ ಕಡಿಮೆಯಾಗುವ ಜನ, ಅಷ್ಟೇ. ಕನ್ನಡದಲ್ಲಿ ಇದಕ್ಕೆ ಹತ್ತಿರದ ನೆಂಟಸ್ತಿಕೆ ಹುಡುಕಿದರೆ ಕಾಶಿನಾಥರ 'ಅಪರಿಚಿತ' (1978), ಸುನೀಲ್‌ ಕುಮಾರ್ ದೇಸಾಯಿಯವರ 'ತರ್ಕ' (1989) ಸಿಗುತ್ತವೆ. 'ತರ್ಕ'ದಲ್ಲಿ ಒಂದೂ ಹಾಡಿಲ್ಲ. ಆ ಕಾಲಕ್ಕೆ ಅದೆಂಥ ಧೈರ್ಯ ಎಂದು ಈಗಲೂ ಅನ್ನಿಸುತ್ತದೆ. ನಮ್ಮ ತಂಡದ ಹುಡುಗರಿಗೆ ನಾನು ಮೊದಲು ತೋರಿಸಿದ್ದು ಅದನ್ನೇ, ಆಮೇಲೆ ಅಮೆರಿಕದವನ್ನು.

ಮುಖವಾಡದ ಪ್ರಶ್ನೆ ಬಗೆಹರಿಯದೆ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ. ಅಮೆರಿಕದ ನಿರ್ದೇಶಕ ಜಾನ್ ಕಾರ್ಪೆಂಟರ್ 1978ರಲ್ಲಿ 'ಹ್ಯಾಲೋವೀನ್' ಮಾಡಿದಾಗ ಒಟ್ಟು ಬಜೆಟ್ ಸುಮಾರು 3 ಲಕ್ಷ ಡಾಲರ್. ಮುಖವಾಡಕ್ಕೆ ಅಂಗಡಿಯಲ್ಲಿ ಸಿಗುವ 'ಸ್ಟಾರ್ ಟ್ರೆಕ್' ಕ್ಯಾಪ್ಟನ್ ಕರ್ಕ್‌ನ ರಬ್ಬರ್ ಮುಖ ತಂದು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿದರು. ಎಲ್ಲರೂ ಹೇಳುವ ಈ ಕಥೆಗಿಂತ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಹ್ಯಾಲೋವೀನ್ ಎಂದರೆ ಅಲ್ಲಿ ಜನ ವೇಷ ಹಾಕಿಕೊಂಡು ತಿರುಗುವ ಹಬ್ಬ. ಅಕ್ಟೋಬರ್ 31ರ ಆ ರಾತ್ರಿ ಮುಖವಾಡ ಹಾಕಿಕೊಂಡು ಬೀದಿಯಲ್ಲಿ ನಿಂತವನನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಅವನ ವೇಷ ಆ ದಿನಕ್ಕೆ ಸಹಜ. ಹಾಗಾದರೆ ನಮ್ಮೂರಲ್ಲಿ ಮುಖ ಮುಚ್ಚಿಕೊಂಡು ನಿಂತರೂ ಯಾರೂ 'ಯಾರದು?' ಎಂದು ಕೇಳದ ಹೊತ್ತು ಯಾವುದು?

ಆಷಾಢದ ಮಳೆ. ಕಂಬಳಿ ಕೊಪ್ಪೆ.

ಕಂಬಳಿಯ ಮೂಲೆ ಮಡಚಿ ತಲೆಗೇರಿಸಿದರೆ ಹಿಂದಿನಿಂದ ಮೊಣಕಾಲಿನವರೆಗೆ ಇಳಿಯುತ್ತದೆ, ಮುಂದಿನಿಂದ ಮುಖ ನೆರಳೊಳಗೆ ಹೋಗುತ್ತದೆ. ಗಂಡೋ ಹೆಣ್ಣೋ, ವಯಸ್ಸೆಷ್ಟೋ ಒಂದೂ ತಿಳಿಯದು. ಈಗ ಹೆಚ್ಚಿನವರು ಪ್ಲಾಸ್ಟಿಕ್ ಕೊಪ್ಪೆ ಹಾಕುತ್ತಾರೆ, ಹಾಗಾಗಿ ಕರಿ ಕಂಬಳಿ ಕಂಡರೆ ಯಾರೋ ಹಳಬರು ಎಂದುಕೊಂಡು ಸುಮ್ಮನಾಗುತ್ತಾರೆ. ಕೊಲೆಗಾರನಿಗೆ ಇದಕ್ಕಿಂತ ಬೇಕೇ? ತಂಡದಲ್ಲಿ ಒಬ್ಬರು ದೈವದ ಮೊಗ ಬಳಸೋಣ ಎಂದರು, ಇನ್ನೊಬ್ಬರು ಯಕ್ಷಗಾನದ ಬಣ್ಣದ ವೇಷ ಎಂದರು. ಎರಡಕ್ಕೂ ಖಡಾಖಂಡಿತ ಇಲ್ಲ ಎಂದೆ. ಒಂದು, ಅವು ಯಾರೋ ನಂಬಿ ನಡೆದುಕೊಳ್ಳುವ, ಬೆವರು ಸುರಿಸಿ ಕಲಿತ ಸಂಗತಿಗಳು, ನಮ್ಮ ಕೊಲೆಗಾರನ ಬಟ್ಟೆಯಲ್ಲ. ಎರಡು, ಅವು ಕಂಡ ಕೂಡಲೇ ಕಣ್ಣು ಸೆಳೆಯುತ್ತವೆ. ನನಗೆ ಬೇಕಿದ್ದದ್ದು ಕಣ್ಣಿಗೆ ಬಿದ್ದರೂ ಗಮನಕ್ಕೆ ಬಾರದ ಆಕೃತಿ.

ಶೂಟಿಂಗ್ ಸಾಗರದ ಕಡೆಯ ಒಂದು ತೊಟ್ಟಿ ಮನೆ, ಅದರ ಕೆಳಗಿನ ಅಡಿಕೆ ತೋಟದಲ್ಲಿ. 'ಹ್ಯಾಲೋವೀನ್'ಗೆ ಕ್ಯಾಮೆರಾ ಮಾಡಿದ ಡೀನ್ ಕಂಡಿ ಅಗಲ ಪರದೆಯ ಪ್ಯಾನಾವಿಷನ್ ಫ್ರೇಮನ್ನು ಬಳಸಿದ ಬಗೆ ನೋಡಿ: ಹುಡುಗಿ ಒಂದು ಕಡೆ, ಉಳಿದ ಜಾಗ ಖಾಲಿ. ಆ ಖಾಲಿಯಲ್ಲಿ ಏನಾದರೂ ಬಂದೀತು ಎಂದು ನಮ್ಮ ಕಣ್ಣು ಅಲ್ಲೇ ಅಲೆಯುತ್ತಿರುತ್ತದೆ. ನಾವೂ ಅಗಲ ಫ್ರೇಮ್ ಹಿಡಿದೆವು. ಅಡಿಕೆ ತೋಟ ಈ ಫ್ರೇಮಿಗಾಗಿಯೇ ನೆಟ್ಟಂತೆ ಕಂಡಿತು. ಎಡದಿಂದ ಬಲಕ್ಕೆ ನೇರ ನಿಂತ ಕಾಂಡಗಳ ಸಾಲು, ಅವುಗಳ ನಡುವೆ ಕಾಂಡಕ್ಕಿಂತ ತುಸು ದಪ್ಪಗೆ, ತುಸು ಕಪ್ಪಗೆ ಒಂದು ಕೊಪ್ಪೆ. ಮುಂದೆ ನಮ್ಮ ಕಥೆಯ ದೊಡ್ಡಮ್ಮ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ಫೋಕಸ್ ಅವರ ಮೇಲೆ. ಸಂಗೀತ ಇಲ್ಲ, ಕ್ಲೋಸಪ್ ಇಲ್ಲ.

ಇಲ್ಲೊಂದು ತಾಂತ್ರಿಕ ಮಾತು. ಈಗಿನ ಕಿರುಚಿತ್ರದವರಿಗೆಲ್ಲ ಹಿನ್ನೆಲೆ ಮಸುಕಾಗಿ ಕರಗಿಹೋಗುವ ಲೆನ್ಸ್ ಮೇಲೆ ಪ್ರೀತಿ. ಲೆನ್ಸಿನ ಕಿಂಡಿಯನ್ನು ಅಗಲಕ್ಕೆ ತೆರೆದು, ಎಫ್ 1.4ರಲ್ಲಿ ತೆಗೆದರೆ ಎಲ್ಲವೂ ಸಿನಿಮಾದಂತೆ ಕಾಣುತ್ತದೆ, ನಿಜ. ಆದರೆ ಹಿನ್ನೆಲೆ ಕರಗಿದರೆ ಕೊಲೆಗಾರನೂ ಕರಗುತ್ತಾನೆ. ನಾವು ಕಿಂಡಿ ಕಿರಿದಾಗಿಸಿ ಎಫ್ 8ರ ಆಸುಪಾಸಿನಲ್ಲೇ ಇದ್ದೆವು, ಆಗ ಹಿನ್ನೆಲೆಯೂ ಸ್ಪಷ್ಟ, ಆದರೆ ಬೆಳಕು ಹೆಚ್ಚು ಬೇಕು. ಅಷ್ಟು ಬೆಳಕು ರಾತ್ರಿ ಹೊಂದಿಸುವ ಯೋಗ್ಯತೆ ನಮ್ಮ ಎಲ್‌ಇಡಿ ಪ್ಯಾನೆಲ್‌ಗಳಿಗೆ ಇರಲಿಲ್ಲ. ಹಾಗಾಗಿ ಚಿತ್ರಕಥೆಯನ್ನೇ ತಿದ್ದಿ, ಹೆದರಿಸುವ ದೃಶ್ಯಗಳನ್ನು ಮೋಡ ಕವಿದ ಹಗಲಿಗೆ ತಂದೆ. ಮಲೆನಾಡಿನ ಮಳೆಗಾಲದ ಮಧ್ಯಾಹ್ನ ಹೇಗೂ ಅರ್ಧ ರಾತ್ರಿಯೇ.

ಸಂಕಲನಕಾರ ಗೆಳೆಯನ ಜೊತೆ ನಡೆದ ಜಗಳವೆಲ್ಲ ದೊಡ್ಡಮ್ಮನ ಹಿಂದೆ ಕೊಪ್ಪೆ ನಿಂತ ಆ ಒಂದು ಶಾಟಿನ ಮೇಲೆ. 'ಜನ ನೋಡೋದೇ ಇಲ್ಲ ಮಾರಾಯ, ಒಂದು ಕ್ಲೋಸಪ್ ಹಾಕಣ, ಡಂ ಅಂತ ಒಂದು ಸೌಂಡ್ ಕೊಡಣ' ಎಂದ. ಅರ್ಧ ಜನ ನೋಡದಿದ್ದರೂ ಪರವಾಗಿಲ್ಲ ಎಂಬುದು ನನ್ನ ವಾದ. ನೋಡಿದವನು ಪಕ್ಕದವನ ತೋಳು ಹಿಡಿಯುತ್ತಾನೆ, ಆಮೇಲೆ ಆ ಪಕ್ಕದವನು ಇಡೀ ಸಿನಿಮಾ ಹಿನ್ನೆಲೆಯನ್ನೇ ಹುಡುಕುತ್ತ ಕೂರುತ್ತಾನೆ. ಕೊನೆಗೆ ಕ್ಲೋಸಪ್ ಇಲ್ಲದೆಯೇ ಉಳಿಯಿತು. ಪ್ರದರ್ಶನದಲ್ಲಿ ಎರಡನೇ ಸಾಲಿನ ಒಬ್ಬ ಹುಡುಗಿ 'ಅಲ್ಲಿ, ಅಲ್ಲಿ' ಎಂದು ಪಿಸುಗುಟ್ಟಿದ್ದು ನನಗೆ ಸಾಕಾಯಿತು. ಗೆಳೆಯ ಇನ್ನೂ ಒಪ್ಪಿಲ್ಲ.

ಕೊಲೆಗಾರನ ಕಣ್ಣಿನಿಂದ ನೋಡುವ ಶಾಟ್ ಬೇಕೇ ಬೇಡವೇ ಎಂದು ಬಹಳ ತಲೆ ಕೆಡಿಸಿಕೊಂಡೆ. 'ಹ್ಯಾಲೋವೀನ್' ಶುರುವಾಗುವುದೇ ಹಾಗೆ. ಅದಕ್ಕೂ ಮೊದಲು 1974ರ ಕೆನಡಾದ 'ಬ್ಲ್ಯಾಕ್ ಕ್ರಿಸ್ಮಸ್' ಅದನ್ನು ಮಾಡಿತ್ತು. 'ಹ್ಯಾಲೋವೀನ್'ನ ಆ ದೃಶ್ಯದಲ್ಲಿ ಚಾಕು ಎತ್ತಿಕೊಳ್ಳುವ ಪುಟ್ಟ ಹುಡುಗನ ಕೈ ನಿರ್ಮಾಪಕಿ ಡೆಬ್ರಾ ಹಿಲ್ ಅವರದು. ಕೊಲೆಗಾರನ ಕಣ್ಣಿನಲ್ಲಿ ನಮ್ಮನ್ನು ಕೂರಿಸಿದರೆ ಸ್ವಲ್ಪ ಹೊತ್ತಿನಲ್ಲೇ ನಾವೂ ಅವನ ಜೊತೆ ಬೇಟೆಗೆ ಹೊರಟಿರುತ್ತೇವೆ, ಅದರಲ್ಲೊಂದು ಹೊಲಸು ಸುಖವಿದೆ. ಎಂಬತ್ತರ ದಶಕದ ಅಗ್ಗದ ಸ್ಲಾಷರ್‌ಗಳು ಆ ಸುಖವನ್ನೇ ಮಾರಿದವು. ನಾನು ಅದನ್ನು ಒಂದೇ ಕಡೆ ಬಳಸಿದೆ: ಕೊಟ್ಟಿಗೆಯಿಂದ ಹೊರಟು, ತೊಟ್ಟಿಯ ಸುತ್ತ ಕಂಬಗಳ ಮರೆಯಲ್ಲಿ ಸಾಗಿ, ಬಚ್ಚಲುಮನೆಯ ಹೊಗೆಯವರೆಗೆ. ಕ್ಯಾಮೆರಾ ಅಲುಗದಂತೆ ಹಿಡಿಯುವ ಜಿಂಬಲ್‌ನಲ್ಲಿ ತೆಗೆದಾಗ ಅದು ಮದುವೆ ವಿಡಿಯೊದಂತೆ ನಯವಾಗಿ ತೇಲಿತು. ಕ್ಯಾಮೆರಾವನ್ನು ಭುಜಕ್ಕೇರಿಸಿ, ಮೇಲೆ ನಿಜವಾದ ಕಂಬಳಿಯನ್ನೇ ಹೊದಿಸಿ ನಡೆಸಿದೆವು. ಉಣ್ಣೆಯ ಅಂಚು ಫ್ರೇಮಿನ ಮೇಲ್ತುದಿಯಲ್ಲಿ ತೂಗುತ್ತಿತ್ತು, ಒದ್ದೆ ಕಂಬಳಿಯ ಭಾರಕ್ಕೆ ಹೆಜ್ಜೆಯೂ ತೂಕ ಪಡೆಯಿತು. ಕಲ್ಲು ಚಪ್ಪಡಿ ಜಾರುತ್ತದೆಂದು ಇಬ್ಬರು ಹುಡುಗರು ಆಚೀಚೆ ಸೊಂಟ ಹಿಡಿದುಕೊಂಡೇ ನಡೆದರು.

ಮಳೆ ಮಾತ್ರ ನಮ್ಮ ಶೆಡ್ಯೂಲು ಓದಿರಲಿಲ್ಲ, ಬೇಕಾದಾಗ ಬರಲಿಲ್ಲ. ಕಾರ್ಪೆಂಟರ್ ತಂಡ ವಸಂತಕಾಲದ ಕ್ಯಾಲಿಫೋರ್ನಿಯಾವನ್ನು ಶರತ್ಕಾಲದ ಇಲಿನಾಯ್ ಎಂದು ತೋರಿಸಲು ಎಲೆಗಳಿಗೆ ಬಣ್ಣ ಬಳಿದು ಬೀದಿಯಲ್ಲಿ ಚೆಲ್ಲಿ, ಶಾಟ್ ಮುಗಿದ ಮೇಲೆ ಆಯ್ದು ಚೀಲಕ್ಕೆ ತುಂಬಿ, ಇನ್ನೊಂದು ಬೀದಿಗೆ ಒಯ್ಯುತ್ತಿತ್ತು. ನಮಗೆ ಸಿಕ್ಕಿದ್ದು ತೋಟದ ಜೆಟ್. ಬೇಸಿಗೆಯಲ್ಲಿ ಅಡಿಕೆಗೆ ನೀರು ಹಾರಿಸುವ ಅವೇ ಜೆಟ್‌ಗಳನ್ನು ಮನೆಯ ಯಜಮಾನರು ಮಾಡಿಗೆ ಕಟ್ಟಿಕೊಟ್ಟರು. ಹಂಚಿನ ಮೇಲಿಂದ ತೊಟ್ಟಿಗೆ ಇಳಿಯುವ ನೀರು ಕ್ಯಾಮೆರಾಕ್ಕೆ ಪಕ್ಕಾ ಮಳೆ. ತೊಂದರೆ ಸದ್ದಿನದು. ಜೆಟ್ ತಿರುಗುವಾಗ ಟಿಕ್ ಟಿಕ್ ಟಿಕ್ ಎನ್ನುತ್ತದೆ, ಮೈಕಿಗೆ ಅದೊಂದೇ ಕೇಳುತ್ತದೆ.

ಡೈಲಾಗನ್ನೆಲ್ಲ ಡಬ್ ಮಾಡಿದೆವು. ಹಾಗೆ ನೋಡಿದರೆ ಅದೂ ಹಳೆಯ ಸಂಪ್ರದಾಯವೇ. ನಮ್ಮ ಎಪ್ಪತ್ತರ ದಶಕದ ಸಿನಿಮಾಗಳು ಗರಗರ ಎನ್ನುವ ಆರಿಫ್ಲೆಕ್ಸ್ ಕ್ಯಾಮೆರಾದ ಮುಂದೆ ಮಾತಾಡಿ, ಆಮೇಲೆ ಥಿಯೇಟರಿನಲ್ಲಿ ದನಿ ಕೊಟ್ಟವು. ಆದರೆ ಆ ಟಿಕ್ ಟಿಕ್ ಮಾತ್ರ ತೆಗೆಯಲು ಮನಸ್ಸಾಗಲಿಲ್ಲ. 'ಫ್ರೈಡೇ ದ 13ತ್' (1980) ಚಿತ್ರಕ್ಕೆ ಸಂಗೀತ ಕೊಟ್ಟ ಹ್ಯಾರಿ ಮ್ಯಾನ್‌ಫ್ರೆಡಿನಿ ಒಂದು ನಿಯಮ ಇಟ್ಟುಕೊಂಡಿದ್ದರು: ಕೊಲೆಗಾರ ನಿಜವಾಗಿ ಅಲ್ಲಿರುವಾಗ ಮಾತ್ರ ಸಂಗೀತ. ಸುಮ್ಮನೆ ಬೆಕ್ಕು ಹಾರಿದಾಗ ನುಡಿಸಿ ಮೋಸ ಮಾಡಬಾರದು. ನಾವೂ ಜೆಟ್ಟಿನ ಸದ್ದನ್ನು ಹಾಗೆ ಕಟ್ಟಿದೆವು. ಕೊಪ್ಪೆ ಹತ್ತಿರ ಇದ್ದರೆ ಮಾತ್ರ ಆ ಟಿಕ್. ಸಂಗೀತ ಮಾಡಿದ ಹುಡುಗ ಮೃದಂಗ ಕಲಿತವನು. 'ಹ್ಯಾಲೋವೀನ್'ನ ಐದರ ಎಣಿಕೆಯ ಪಿಯಾನೊ ಕೇಳಿಸಿದಾಗ ತೊಡೆ ತಟ್ಟಿ 'ಇದು ಐದಲ್ವಾ, ನಮ್ಮ ಖಂಡ ಚಾಪು' ಎಂದ. ಆ ಟ್ಯೂನು ಹುಟ್ಟಿದ್ದೂ ತಾಳವಾದ್ಯದಿಂದಲೇ. ಕಾರ್ಪೆಂಟರ್‌ಗೆ ಆ ಐದರ ಲಯವನ್ನು ಚಿಕ್ಕಂದಿನಲ್ಲಿ ತಂದೆ ಬಾಂಗೋ ಮೇಲೆ ಹೇಳಿಕೊಟ್ಟಿದ್ದರು. ಕಿವಿ ನಾಲ್ಕಕ್ಕೆ ಸಿದ್ಧವಾಗಿರುವಾಗ ಐದನೆಯದು ಬಂದರೆ ಕಾಲು ಮೆಟ್ಟಿಲು ತಪ್ಪಿದಂತಾಗುತ್ತದೆ. ನಮ್ಮ ಹುಡುಗ ಜೆಟ್ಟಿನ ಟಿಕ್‌ಗಳನ್ನೇ ಕತ್ತರಿಸಿ ತಕ ತಕಿಟ, ತಕ ತಕಿಟ ಎಂದು ಜೋಡಿಸಿದ. ಅದರ ಮೇಲೆ ಇನ್ನೇನೂ ಇಲ್ಲ.

ರಕ್ತದ ವಿಷಯಕ್ಕೆ ಬರೋಣ, ಎಲ್ಲರಿಗೂ ಅದೇ ಬೇಕು. 'ಸೈಕೋ' (1960) ಕಪ್ಪುಬಿಳುಪು, ಹಾಗಾಗಿ ಹಿಚ್‌ಕಾಕ್‌ಗೆ ಚಾಕೊಲೇಟ್ ಸಿರಪ್ ಸಾಕಾಯಿತು. ಬಣ್ಣದ ಸಿನಿಮಾಕ್ಕೆ ಮೇಕಪ್ ಗುರು ಡಿಕ್ ಸ್ಮಿತ್ ಕಾರ್ನ್ ಸಿರಪ್‌ನ ಪಾಕ ಕಂಡುಹಿಡಿದರು, ಮುಂದಿನವರೆಲ್ಲ ಅದರ ಮಕ್ಕಳು. ನಮ್ಮಲ್ಲಿ ಬೇಕರಿ ಸಾಮಾನಿನ ಅಂಗಡಿಯಲ್ಲಿ ಲಿಕ್ವಿಡ್ ಗ್ಲೂಕೋಸ್ ಎಂದು ಕೇಳಿದರೆ ಅಂಥದ್ದೇ ಮಂದ ಪಾಕ ಸಿಗುತ್ತದೆ. ಕೇಕಿನ ಕೆಂಪು ಬಣ್ಣ, ಒಂದೆರಡು ಹನಿ ನೀಲಿ, ಕೊಂಚ ಕೋಕೊ ಪುಡಿ. ಮನೆಯ ಅಜ್ಜಿ ಇದನ್ನೆಲ್ಲ ನೋಡಿ 'ಆರತಿ ನೀರು ಮಾಡಿದ್ರೆ ಸಾಕಿತ್ತಲ್ಲ' ಎಂದು ಅರಿಶಿನಕ್ಕೆ ಸುಣ್ಣ ಕದಡಿ ತೋರಿಸಿದರು. ಬಣ್ಣವೇನೋ ಚೆಂದ, ಆದರೆ ಕ್ಯಾಮೆರಾದಲ್ಲಿ ಕೇಸರಿಗೆ ತಿರುಗಿತು. ಗ್ಲೂಕೋಸಿನ ರಕ್ತಕ್ಕೆ ಶತ್ರು ಇರುವೆ. ಮಲೆನಾಡಿನ ಇರುವೆಗಳು ಸತ್ತು ಬಿದ್ದ ನಟನ ಕುತ್ತಿಗೆಗೆ ಸಾಲುಗಟ್ಟಿದಾಗ ಶವ ಎದ್ದು ಓಡಿತು.

ತೆರೆಯ ಮೇಲೆ ನೇರ ಕಾಣುವ ಕೊಲೆ ಒಂದೇ. ಅದು 'ಫ್ರೈಡೇ ದ 13ತ್'ನಲ್ಲಿ ಮೇಕಪ್ ಕಲಾವಿದ ಟಾಮ್ ಸವಿನಿ ಮಾಡಿದ ಹಳೆಯ ಉಪಾಯ: ನಟ ಮಂಚದ ಕೆಳಗೆ ಕೂತು ತಲೆ ಮಾತ್ರ ಮೇಲೆ ತೂರಿಸುತ್ತಾನೆ, ಹಾಸಿಗೆಯ ಮೇಲಿನ ಕುತ್ತಿಗೆ, ಎದೆ ನಕಲಿ. ನಮಗೆ ಅಟ್ಟದ ಹಲಗೆ ಇತ್ತು. ಒಂದು ಹಲಗೆ ಸರಿಸಿ ನಟ ಕೆಳಗಿನಿಂದ ತಲೆ ತೂರಿಸಿದ, ಡ್ರಿಪ್ಪಿನ ಪೈಪಿನಲ್ಲಿ ಗ್ಲೂಕೋಸ್ ಹರಿಸಿದೆವು. ಕತ್ತಿ ಫೋಮ್‌ನದು. ನಿಜವಾದ ಕತ್ತಿಯ ಶಾಟ್ ತೆಗೆದಾಗ ಫ್ರೇಮಿನಲ್ಲಷ್ಟೇ ಅಲ್ಲ, ಸುತ್ತಮುತ್ತಲೂ ಯಾರನ್ನೂ ನಿಲ್ಲಿಸಲಿಲ್ಲ. ಇದರಲ್ಲಿ ರಾಜಿ ಬೇಡ. ಉಳಿದ ಸಾವುಗಳೆಲ್ಲ ಸದ್ದಿನಲ್ಲಿ. 'ಸೈಕೋ'ದವರು ಇರಿತದ ಸದ್ದಿಗೆ ಕರಬೂಜದ ಜಾತಿಯ ಹಣ್ಣು ಚುಚ್ಚಿದ್ದರು. ನಾವು ಕಲ್ಲಂಗಡಿ, ಮೊಗೆಕಾಯಿ ಎಲ್ಲ ನೋಡಿ ಕೊನೆಗೆ ಬಾಳೆದಿಂಡಿಗೆ ಬಂದೆವು. ಒದ್ದೆ, ನಾರು, ಒಳಗೆ ಗಾಳಿ. ಕತ್ತಿ ಇಳಿಯುವಾಗ ಒಂದು ಸದ್ದು, ಎಳೆಯುವಾಗ ಇನ್ನೊಂದು. ಆ ಎರಡನೆಯದೇ ಹೊಟ್ಟೆ ತೊಳಸುವುದು.

ಕಿರುಚಾಟದ ರೆಕಾರ್ಡಿಂಗಿಗೆ ಮುನ್ನ ಊರಿನವರಿಗೆಲ್ಲ ಹೇಳಿ, ಠಾಣೆಗೂ ತಿಳಿಸಿದ್ದೆವು. ಆದರೂ ಆಚೆ ದಿಂಬದ ಮನೆಯವರೊಬ್ಬರು ಬ್ಯಾಟರಿ, ದೊಣ್ಣೆ ಹಿಡಿದು ಓಡಿಬಂದರು. ಬಂದವರು ಊಟ ಮಾಡಿಕೊಂಡೇ ಹೋದರು.

ಇನ್ನು, ಯಾರು ಉಳಿಯಬೇಕು? ಸಿನಿಮಾ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ 'ಫೈನಲ್ ಗರ್ಲ್' ಎಂದು ಹೆಸರಿಟ್ಟದ್ದು ಕೊನೆಗೆ ಬದುಕಿ ನಿಲ್ಲುವ ಆ ಹುಡುಗಿಗೆ. ಅವಳು ಸಂಭಾವಿತೆ, ಕುಡಿಯುವುದಿಲ್ಲ, ಹುಡುಗರ ಜೊತೆ ಮಲಗುವುದಿಲ್ಲ. ಹಾಗೆ ಮಾಡಿದವರು ಸಾಯುತ್ತಾರೆ. ಹಳೆಯ ಸಿನಿಮಾಗಳಿಂದ ನಾನು ಬೇಕೆಂದೇ ತರದೆ ಬಿಟ್ಟದ್ದು ಈ ಲೆಕ್ಕಾಚಾರವನ್ನು. ನಮ್ಮಲ್ಲಿ ಉಳಿಯುವವರು ಅರವತ್ತು ದಾಟಿದ ದೊಡ್ಡಮ್ಮ. ಕಾರಣ ಗುಣನಡತೆಯಲ್ಲ; ಆ ಮನೆಯಲ್ಲಿ ಕಣ್ಣು ಮುಚ್ಚಿ ಓಡಾಡಬಲ್ಲವರು ಅವರೊಬ್ಬರೇ. ಪೇಟೆಯಿಂದ ಬಂದ ಮಕ್ಕಳು ಕರೆಂಟು ಹೋದ ಕೂಡಲೇ ಮೊಬೈಲ್ ಟಾರ್ಚ್ ಹಾಕುತ್ತಾರೆ, ತಾವೆಲ್ಲಿದ್ದೇವೆಂದು ತಾವೇ ತೋರಿಸಿಕೊಳ್ಳುತ್ತಾರೆ.

ಪಾತ್ರ ಮಾಡಿದವರು ಹೆಗ್ಗೋಡಿನ ಕಡೆಯ ಹವ್ಯಾಸಿ ರಂಗನಟಿ. ಚಿತ್ರಕಥೆಯಲ್ಲಿ ಅವರು ಗೋಡೆ ತಡವುತ್ತ ಸಾಗುತ್ತಾರೆಂದು ಬರೆದಿದ್ದೆ. 'ಸ್ವಂತ ಮನೇಲಿ ಯಾರಾದ್ರೂ ತಡಕಾಡ್ತಾರನಾ ತಮಾ?' ಎಂದವರೇ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹೊಸ್ತಿಲು ಎಣಿಸಿದಂತೆ ದಾಟುತ್ತ, ಅಟ್ಟದ ಏಣಿಯ ಕಿರುಗುಟ್ಟುವ ಮೆಟ್ಟಿಲನ್ನು ಬಿಟ್ಟು ಮೇಲಿನದಕ್ಕೆ ಕಾಲಿಟ್ಟರು. ಕೆಳಗೆ ಕೊಪ್ಪೆ ನಿಂತಿದೆ, ಟಿಕ್ ಟಿಕ್ ಕೇಳುತ್ತಿದೆ, ಇವರ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಸಿಟ್ಟು. ಚಿತ್ರಕಥೆಯ ಪುಟ ಮಡಚಿ ಜೇಬಿಗಿಟ್ಟು ಹಾಗೇ ತೆಗೆದೆವು.

ಕೊನೆ 'ಹ್ಯಾಲೋವೀನ್'ನದೇ ಸಾಲ: ಬಿದ್ದ ಜಾಗದಲ್ಲಿ ಕೊಲೆಗಾರ ಇಲ್ಲ. ಇದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಎತ್ತಿದ್ದೇನೆ. ನೋಡಿದವರು ಎರಡನೇ ಭಾಗ ಯಾವಾಗ ಎಂದು ಕೇಳುತ್ತಿದ್ದಾರೆ. ದುಡ್ಡು ಹಾಕಿದ ಗೆಳೆಯನೂ ಕೇಳುತ್ತಿದ್ದಾನೆ. ಮೊದಲನೆಯದರ ಲೆನ್ಸ್ ಬಾಡಿಗೆ ಇನ್ನೂ ಸ್ವಲ್ಪ ಬಾಕಿ ಇದೆ. ದೊಡ್ಡಮ್ಮನ ಪಾತ್ರದವರು ಈಗಾಗಲೇ ಶರತ್ತು ಹಾಕಿದ್ದಾರೆ: ಮುಂದಿನ ಸಲ ಅಟ್ಟ ಹತ್ತುವುದಿಲ್ಲ, ಕತ್ತಿ ಅವರ ಕೈಗೇ ಕೊಡಬೇಕು.