ಅಮೆರಿಕದಲ್ಲಿ ನಾಯಿ ತಿನ್ನಬಾರದ್ದು ತಿಂದರೆ ಮೊದಲ ಫೋನ್ ಯಾರಿಗೆ?

ಕಳೆದ ಯುಗಾದಿಗೆ ಊರಿಂದ ಬಂದಿದ್ದ ಅಮ್ಮ ಕೇಸರಿಬಾತ್ ಮಾಡಿದ್ದರು. ನಾಯಿ ಮೇಜಿನ ಕೆಳಗೆ ಕೂತು ಎಲ್ಲರ ಬಾಯಿ ನೋಡುತ್ತಿತ್ತು. "ಪಾಪ, ಹಬ್ಬದ ದಿನ ಅದಕ್ಕೂ ಒಂದು ತುತ್ತು" ಅಂತ ಅಮ್ಮ ಹಾಕಿಯೇಬಿಟ್ಟರು. ಅದರಲ್ಲಿ ತುಪ್ಪದಲ್ಲಿ ಹುರಿದು ಗುಂಡಗೆ ಉಬ್ಬಿದ್ದ ಒಣದ್ರಾಕ್ಷಿ, ಏಳೋ ಎಂಟೋ.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಲ್ಲವು. ಇಷ್ಟು ತಿಂದರೆ ಪರವಾಗಿಲ್ಲ ಅಂತ ಗೆರೆ ಎಳೆಯಲು ಆಗುವುದಿಲ್ಲ. ತಿಂದ ದಿನ ನಾಯಿ ಆರಾಮಾಗಿ ಬಾಲ ಅಲ್ಲಾಡಿಸುತ್ತಿರಬಹುದು. ಕಿಡ್ನಿ ಕೈಕೊಡುವುದು ಒಂದೆರಡು ದಿನ ಆದಮೇಲೆ. ವಾಂತಿ ಆದರೆ ನೋಡೋಣ ಅಂತ ಕಾಯಬೇಡಿ.

911 ಅನ್ನುವ ತುರ್ತು ನಂಬರ್ ಮನುಷ್ಯರಿಗೆ. ನಾಯಿ-ಬೆಕ್ಕಿಗೆ ಹಗಲೂ ರಾತ್ರಿ ಸಿಗುವ ಎರಡು ವಿಷ ಸಹಾಯವಾಣಿಗಳಿವೆ: ಎಎಸ್‌ಪಿಸಿಎ ಪಾಯಿಸನ್ ಕಂಟ್ರೋಲ್ (888-426-4435) ಮತ್ತು ಪೆಟ್ ಪಾಯಿಸನ್ ಹೆಲ್ಪ್‌ಲೈನ್ (855-764-7661). ಪುಕ್ಕಟೆ ಅಲ್ಲ, ಹೆಚ್ಚುಕಡಿಮೆ ನೂರು ಡಾಲರ್ ಆಗುತ್ತದೆ. ನಾಯಿಯ ತೂಕ, ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು ಅಂತ ಕೇಳುತ್ತಾರೆ. ತೂಕ ಪೌಂಡಿನಲ್ಲಿ ಹೇಳಿ, ತಿಂಡಿಯ ಪ್ಯಾಕೆಟ್ ಕೈಯಲ್ಲಿರಲಿ. ಕೊನೆಗೆ ಕೊಡುವ ಕೇಸ್ ನಂಬರ್ ಮರೆಯದೆ ಬರೆದುಕೊಳ್ಳಿ. ಆಸ್ಪತ್ರೆಯ ಡಾಕ್ಟರ್ ಅದೇ ನಂಬರ್ ಹೇಳಿ ವಿಷತಜ್ಞರ ಜೊತೆ ನೇರವಾಗಿ ಮಾತಾಡುತ್ತಾರೆ. ನಾಯಿ ನಡುಗುತ್ತಿದ್ದರೆ, ಬಿದ್ದುಹೋಗಿದ್ದರೆ ಮಾತ್ರ ಫೋನಿಗೆ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೊರಡಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡವೇ ಬೇಡ. ಅದೇ ಇನ್ನೊಂದು ವಿಷ. ವಾಂತಿಗೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಸಹಾಯವಾಣಿಯವರೋ ಡಾಕ್ಟರೋ ಹೇಳಿದರೆ ಮಾತ್ರ.

ಮಾಮೂಲಿ ವೆಟ್, ಅಂದರೆ ಪಶುವೈದ್ಯರು, ಸಂಜೆಗೆ ಬಾಗಿಲು ಹಾಕಿರುತ್ತಾರೆ. ರಾತ್ರಿ ತೆರೆದಿರುವ ಎಮರ್ಜೆನ್ಸಿ ವೆಟ್ ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ. ನಾವು ಹೋದಾಗ ನಾಯಿಯನ್ನು ತಕ್ಷಣ ಒಳಗೆ ಎತ್ತಿಕೊಂಡು ಹೋದರು, ನಮ್ಮ ಕೈಗೆ ಒಂದು ಫಾರಂ ಬಂತು. ಹೃದಯ ನಿಂತರೆ ಸಿಪಿಆರ್ ಮಾಡಬೇಕಾ, ಬೇಡವಾ? ಅಮ್ಮ "ಏನಂತೆ?" ಅಂದರು. "ಸುಮ್ನೆ, ಅಡ್ರೆಸ್ ಕೇಳಿದ್ದಾರೆ" ಅಂದೆ.

ಆಮೇಲೆ ಎಸ್ಟಿಮೇಟ್. ಕಡಿಮೆ ಎಂದರೆ ಇಷ್ಟು, ಜಾಸ್ತಿ ಎಂದರೆ ಇಷ್ಟು ಅಂತ ಎರಡು ಅಂಕಿ. ಮುಂಗಡ ಕಟ್ಟಬೇಕು. ಇದರಲ್ಲಿ ಈ ರಾತ್ರಿಯೇ ಬೇಕಾದದ್ದು ಯಾವುದು ಅಂತ ಸಂಕೋಚವಿಲ್ಲದೆ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ವಿಮೆ ಇದ್ದರೂ ಸಾಮಾನ್ಯವಾಗಿ ಮೊದಲು ನೀವೇ ಕಟ್ಟಿ, ಬಿಲ್ ಕಳಿಸಿ ವಾಪಸ್ ಪಡೆಯುವುದು. ತಿಂದ ಮೇಲೆ ವಿಮೆ ಮಾಡಿಸಿದರೆ ಆ ಖರ್ಚಿಗೆ ಬರುವುದಿಲ್ಲ.

ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಆರು ದ್ರಾಕ್ಷಿ ಹೊರಬಂತು. ಉಳಿದದ್ದು ಒಂದೋ ಎರಡೋ, ಅಮ್ಮನಿಗೆ ಲೆಕ್ಕ ನೆನಪಿಲ್ಲ. ಹಾಗಾಗಿ ಎರಡು ದಿನ ಡ್ರಿಪ್, ಮತ್ತೆ ಮತ್ತೆ ಕಿಡ್ನಿಯ ರಕ್ತಪರೀಕ್ಷೆ. ನಾಯಿ ಹುಷಾರಾಗಿ ಮನೆಗೆ ಬಂತು.

ನಮ್ಮ ಅಡುಗೆಮನೆಯಲ್ಲಿ ದ್ರಾಕ್ಷಿ ಒಂದೇ ಅಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ, ಪುಡಿ ಮಾಡಿದರೂ ನಾಯಿಯ ರಕ್ತಕಣ ಒಡೆಯುತ್ತವೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ಮಿಗೆ ಸಿಹಿಗಾಗಿ ಹಾಕುವ ಕ್ಸೈಲಿಟಾಲ್ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಇಳಿಸಬಹುದು. ಲೇಬಲ್ಲಿನಲ್ಲಿ ಅದು 'ಬರ್ಚ್ ಶುಗರ್' ಅಂತಲೂ ಇರುತ್ತದೆ. ಇನ್ನೊಂದು ಹುಣಸೆಹಣ್ಣು. ದ್ರಾಕ್ಷಿಯ ವಿಷಕ್ಕೆ ಕಾರಣ ಅಂತ ಈಗ ಅನುಮಾನಿಸುತ್ತಿರುವ ಟಾರ್ಟಾರಿಕ್ ಆಮ್ಲ ಅದರಲ್ಲಿ ಧಾರಾಳವಾಗಿದೆ. ಇದನ್ನು ಹೇಳಿದ್ದೇ ತಡ, ಅಮ್ಮ ಪುಳಿಯೋಗರೆ ಗೊಜ್ಜಿನ ಡಬ್ಬಿ ಎತ್ತಿ ಫ್ರಿಡ್ಜಿನ ಮೇಲಿಟ್ಟರು.