ಮೊಣಕಾಲಿನ ಕೆಳಗಿನ ದಿಂಬು

ನನಗೆ ಜುವೆನೈಲ್ ಆರ್ಥ್ರೈಟಿಸ್, ಅಂದರೆ ಮಕ್ಕಳಿಗೆ ಬರುವ ಕೀಲುವಾತ, ಅಂತ ಗೊತ್ತಾದಾಗ 11 ವರ್ಷ. ಬಲ ಮೊಣಕಾಲು ಊದಿ ಎರಡು ತಿಂಗಳಾಗಿತ್ತು. ಬಿದ್ದದ್ದೂ ಇಲ್ಲ, ಪೆಟ್ಟಾದದ್ದೂ ಇಲ್ಲ. ಬಳ್ಳಾರಿಯ ನಮ್ಮ ಓಣಿಯಲ್ಲಿ ಎಲ್ಲರದ್ದೂ ಒಂದೇ ಮಾತು: "ವಾತ ಮುದುಕರಿಗೆ ಬರೋದಲ್ವಾ?" 16 ತುಂಬೋದರೊಳಗೆ ಶುರುವಾಗಿ ಆರು ವಾರವಾದರೂ ಹೋಗದ ಕೀಲೂತಕ್ಕೆ ಬೇರೆ ಕಾರಣ ಸಿಗದಿದ್ದರೆ ಇದೇ ಕಾಯಿಲೆ ಎಂದರು ಡಾಕ್ಟರ್.

ಶಾಲೆಯಲ್ಲಿ ಪಿಟಿ ಪಿರಿಯಡ್ ಬಂದರೆ ನಾನು ಬೇವಿನ ಮರದ ಕೆಳಗೆ ಗೆಳತಿಯರ ಚಪ್ಪಲಿ ಕಾಯುತ್ತಿದ್ದೆ. ಮನೆಯಲ್ಲಿ ಅವ್ವ, "ನೀ ಏಳಬ್ಯಾಡ, ನಾ ತಂದುಕೊಡ್ತೀನಿ" ಅನ್ನುತ್ತಿದ್ದಳು. ರಾತ್ರಿ ಹಾಯಾಗಿರಲಿ ಅಂತ ಮೊಣಕಾಲಿನ ಕೆಳಗೆ ದಿಂಬು ಬೇರೆ. ಆ ದಿಂಬೇ ಎಡವಟ್ಟು ಮಾಡಿತು. ಮಡಚಿ ಮಡಚಿ ಕಾಲು ನೆಟ್ಟಗಾಗುವುದನ್ನೇ ಮರೆಯಿತು. ತೊಡೆ ಸೊರಗಿ ಲೆಗಿನ್ಸಿನ ಒಂದು ಕಾಲು ಸಡಿಲಾಯಿತು.

ಫಿಸಿಯೋಥೆರಪಿಸ್ಟ್ ಮೊದಲು ದಿಂಬು ತೆಗೆಸಿದರು. ಬೆಳಿಗ್ಗೆ ಕೀಲು ಬಿಗಿದುಕೊಂಡಿರುತ್ತದೆ, ಅದಕ್ಕೇ ಮೊದಲು ಬಿಸಿನೀರಿನ ಸ್ನಾನ. ಆಮೇಲೆ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲನ್ನು ಹಾಸಿಗೆಯತ್ತ ಒತ್ತಿ ಐದು ಎಣಿಸಿ ಬಿಡುವುದು. ಹೀಗೆ ಹತ್ತು ಸಲ. ಟವೆಲ್ ತೆಗೆದ ಮೇಲೆ ಮೊಣಕಾಲಿಗೂ ಹಾಸಿಗೆಗೂ ನಡುವೆ ಎಷ್ಟು ಸಂದಿ ಉಳಿದಿದೆ ಅಂತ ಕೈ ತೂರಿಸಿ ನೋಡುತ್ತಿದ್ದೆ. ಶುರುವಿಗೆ ಇಡೀ ಮುಷ್ಟಿ ಹೋಗುತ್ತಿತ್ತು. ನಾಲ್ಕು ತಿಂಗಳಿಗೆ ಎರಡು ಬೆರಳು.

ಅಷ್ಟಕ್ಕೇ ಉಬ್ಬಿ ಒಂದು ಭಾನುವಾರ ಅಣ್ಣನ ಜೊತೆ ಕೋಟೆ ಗುಡ್ಡ ಹತ್ತಿಬಿಟ್ಟೆ. ಸಂಜೆ ಹೊತ್ತಿಗೆ ಮೊಣಕಾಲು ತೆಂಗಿನಕಾಯಿ! ಬೈಸಿಕೊಂಡು ಕಲಿತ ಲೆಕ್ಕ ಇದು: ವ್ಯಾಯಾಮ ಮುಗಿದು ಎರಡು ಗಂಟೆಯಾದರೂ ಹೆಚ್ಚಿದ ನೋವು ಇಳಿಯದಿದ್ದರೆ ಜಾಸ್ತಿಯಾಯಿತು ಅಂತ ಅರ್ಥ. ಮುಂದಿನ ಸಲ ಕಡಿಮೆ ಮಾಡಬೇಕು, ನಿಲ್ಲಿಸಬಾರದು.

ಆಮೇಲೆ ಸೈಕಲ್ ಹಿಡಿದೆ. ಪೆಡಲ್ ತುಳಿಯುವಾಗ ಮೊಣಕಾಲು ಜಾಸ್ತಿ ಮಡಚಬಾರದು ಅಂತ ಸೀಟು ಎತ್ತರಿಸಿಕೊಂಡೆ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಹಾಗಾಗಿ ಬೆಳಿಗ್ಗೆ ಏಳು ಗಂಟೆಯೊಳಗೆ ಮನೆಗೆ ವಾಪಸ್. ಈ ಕಾಯಿಲೆಗೆ ಕೊಟ್ಟ ಮೆಥೊಟ್ರೆಕ್ಸೇಟ್ ಅನ್ನೋ ಔಷಧಿ ವಾರಕ್ಕೊಮ್ಮೆ ತಗೊಂಡ ಮರುದಿನ ಹೊಟ್ಟೆ ತೊಳಸುತ್ತದೆ. ಅವತ್ತು ಸೈಕಲ್ಲಿಗೆ ರಜೆ. ಕೀಲು ಊದಿದ ದಿನ ಮಲಗಿದಲ್ಲೇ ಮೆಲ್ಲಗೆ ಮಡಚಿ ಚಾಚುವುದಷ್ಟೇ. ಸುಮ್ನೆ ಮಲಗೋದಂತೂ ಇಲ್ಲ.

ಈಗ ನನಗೆ 20. ಕಳೆದ ಚಳಿಗಾಲದಲ್ಲಿ ಮತ್ತೆ ಗುಡ್ಡ ಹತ್ತಿದೆ, ನಾಲ್ಕು ಕಡೆ ಕೂತು. ಹತ್ತೋದಕ್ಕಿಂತ ಇಳಿಯೋದೇ ಮೊಣಕಾಲಿಗೆ ಕಷ್ಟ, ಅದಕ್ಕೆ ಅಣ್ಣನ ಹೆಗಲು ಹಿಡಿದೇ ಇಳಿದೆ. ಮನೆಗೆ ಬಂದು ಗಡಿಯಾರ ನೋಡುತ್ತ ಕೂತೆ. ಒಂದೂವರೆ ಗಂಟೆಗೆಲ್ಲ ನೋವು ಇಳಿದಿತ್ತು.