ಸತ್ತವನ ಮೇಲೆ ಮನಸ್ಸಾದರೆ: ಅತೀಂದ್ರಿಯ ಪ್ರೇಮಕತೆ ಬರೆಯುವುದು ಹೇಗೆ?

ದೆವ್ವದ ಮೇಲೆ ಮನಸ್ಸಾಗುವ ಕತೆ ಶುರುಮಾಡುವುದು ಸುಲಭ. ಕೊನೆಯ ಲೋಕಲ್, ಮಳೆ, ಖಾಲಿ ಡಬ್ಬಿ, ಎದುರು ಸೀಟಿನಲ್ಲಿ ಒಬ್ಬ ಚೆಲುವ: ಮೊದಲ ಕಂತು ಒಂದೇ ಪಟ್ಟಿಗೆ ಮುಗಿಯುತ್ತದೆ. ಕತೆ ಸೊರಗುವುದು ಎಂಟನೇ ಹತ್ತನೇ ಕಂತಿನ ಹೊತ್ತಿಗೆ. ಅಷ್ಟರೊಳಗೆ ದೆವ್ವ ಗೋಡೆ ದಾಟಿರುತ್ತದೆ, ಮನಸ್ಸು ಓದಿರುತ್ತದೆ, ಖಳನ ಕತ್ತು ಹಿಸುಕಿರುತ್ತದೆ. ಎಲ್ಲವನ್ನೂ ಮಾಡಬಲ್ಲವನಿಗೆ ಅಡ್ಡಿ ಯಾವುದು? ಅಡ್ಡಿಯಿಲ್ಲದ ಕಡೆ ವಿರಹವಿಲ್ಲ. ಓದುಗರು ಬರುವುದೇ ವಿರಹಕ್ಕೆ. ಜಾತಿ, ದುಡ್ಡು, ಮನೆಯವರ ಹಟ ಎಲ್ಲಕ್ಕೂ ಇಂದು ರಿಜಿಸ್ಟರ್ ಮದುವೆಯ ದಾರಿಯಿದೆ. ಸಾವಿಗೆ ಅಂಥ ದಾರಿಯಿಲ್ಲ. ಅದರ ಮೇಲೆ, ಯಾರಿಗೂ ನಿಲ್ಲಲು ಪುರಸೊತ್ತಿಲ್ಲದ ಮುಂಬೈಯಂಥ ಊರಲ್ಲಿ ಇಡೀ ರಾತ್ರಿ ಕೂತು ಕೇಳಿಸಿಕೊಳ್ಳುವ ಒಬ್ಬ ಸಿಕ್ಕರೆ, ಅವನು ಬದುಕಿಲ್ಲ ಎನ್ನುವುದು ಎರಡನೆಯ ಮಾತಾಗುತ್ತದೆ.

ಹಂತ 1: ಯಾರು ಎಂದು ತೀರ್ಮಾನಿಸಿ

ಕುಲೆ (ತುಳುವರ ಪ್ರೇತ), ಮೋಹಿನಿ, ಯಕ್ಷಿ, ಗಂಧರ್ವ, ನಾಗಕನ್ನಿಕೆ, ಇವರಲ್ಲಿ ಒಬ್ಬರು ಸಾಕು. ಮರಾಠಿ ನೆರೆಯವರಿಂದ ಮುಂಜ್ಯಾನನ್ನು ಎರವಲು ತರುವವರಿದ್ದಾರೆ. ಅಶ್ವತ್ಥ ಮರದಲ್ಲಿ ಇರುತ್ತಾನೆನ್ನುವ ಈ ಮುಂಜ್ಯಾ, ಮುಂಜಿಯಾಗಿ ಮದುವೆಯಾಗದೆ ಸತ್ತ ಹುಡುಗ. ಮುಂಜಿಯ ವಯಸ್ಸು ಲೆಕ್ಕ ಹಾಕಿದರೆ ಅವನು ಮಗು. ಪ್ರೇಮಕತೆಗೆ ಅವನು ಬೇಡವೇ ಬೇಡ. ಗೋವಾದ ಊರುಗಳ ಗಡಿ ಕಾಯುವ ದೇವಚಾರನನ್ನೂ ತುಳುನಾಡಿನ ದೈವಗಳನ್ನೂ ಮುಟ್ಟಬೇಡಿ. ಅವರಿಗೆ ಇಂದಿಗೂ ನಡೆದುಕೊಳ್ಳುವ ಮನೆಗಳಿವೆ. ರಕ್ತ ಹೀರುವ ವಿದೇಶಿ ಪಿಶಾಚಿಯೂ ನನ್ನ ಮಟ್ಟಿಗೆ ಸಲ್ಲ. ಬೆಳ್ಳುಳ್ಳಿಗೂ ಶಿಲುಬೆಗೂ ಅದು ಯಾಕೆ ಹೆದರುತ್ತದೆ ಎನ್ನುವುದಕ್ಕೆ ಮುಂಬೈ ಹತ್ತಿರದ ಡೊಂಬಿವ್ಲಿಯ ಅಜ್ಜಿಯ ನಂಬಿಕೆಯಲ್ಲಿ ಬೇರಿಲ್ಲ.

ಹಂತ 2: ಒಂದೇ ಒಂದು ಷರತ್ತು

ಮುಕ್ಕಾಲು ಪಾಲು ಬರಹಗಾರರು ಎಡವುವುದು ಇಲ್ಲೇ. ಬೇಕಾದರೆ ಎರಡು ವಾರ ಇದಕ್ಕೇ ಕೊಡಿ, ಅಲ್ಲಿಯತನಕ ಒಂದು ಪುಟವನ್ನೂ ಬರೆಯಬೇಡಿ.

ಮಾದರಿ ನಮ್ಮಲ್ಲೇ ಇದೆ. ಶತಪಥ ಬ್ರಾಹ್ಮಣ ಎಂಬ ವೇದಕಾಲದ ಗ್ರಂಥದಲ್ಲಿ ಅಪ್ಸರೆ ಊರ್ವಶಿ ರಾಜ ಪುರೂರವನ ಜೊತೆ ಬಾಳಲು ಒಪ್ಪುವಾಗ ಹಾಕುವ ಷರತ್ತುಗಳಲ್ಲಿ ಒಂದು, ಅವನು ಬೆತ್ತಲೆಯಾಗಿ ತನ್ನ ಕಣ್ಣಿಗೆ ಬೀಳಬಾರದು ಎಂಬುದು. ಅವಳನ್ನು ವಾಪಸು ಕರೆಸಿಕೊಳ್ಳಬೇಕಾದ ಗಂಧರ್ವರು ಅವಳ ಮಂಚಕ್ಕೆ ಕಟ್ಟಿದ್ದ ಕುರಿಮರಿಗಳನ್ನು ರಾತ್ರಿ ಕದಿಯುತ್ತಾರೆ. ಇಲ್ಲಿ ಗಂಡಸರೇ ಇಲ್ಲವೇನೋ ಎನ್ನುವಂತೆ ಅವಳು ಕೂಗಿಕೊಳ್ಳುತ್ತಾಳೆ. ಅವನು ಬಟ್ಟೆಗೂ ಕಾಯದೆ ಹಾಗೇ ಎದ್ದು ಓಡುತ್ತಾನೆ. ಗಂಧರ್ವರು ಮಿಂಚು ಹರಿಸುತ್ತಾರೆ, ಅವಳು ನೋಡಿಬಿಡುತ್ತಾಳೆ, ಮಾಯವಾಗುತ್ತಾಳೆ. ಇದರ ಕಸುಬನ್ನು ಗಮನಿಸಿ. ಷರತ್ತನ್ನು ಮುರಿದದ್ದು ಅವನ ದುರಾಸೆಯಲ್ಲ, ಅವಳ ಕೂಗಿಗೆ ಅವನು ಓಗೊಟ್ಟದ್ದು. ಶಂತನು-ಗಂಗೆಯದೂ ಹೀಗೇ. ಏನು ಮಾಡಿದರೂ ಪ್ರಶ್ನಿಸಬಾರದು ಎಂದು ಮಾತುಕೊಟ್ಟವನು ಏಳು ಮಕ್ಕಳ ತನಕ ಸಹಿಸಿ, ಎಂಟನೆಯದನ್ನು ಉಳಿಸಿಕೊಳ್ಳಲು ಬಾಯಿ ತೆರೆಯುತ್ತಾನೆ. ಮಗು ಉಳಿಯುತ್ತದೆ, ಹೆಂಡತಿ ಹೋಗುತ್ತಾಳೆ.

ಹಾಗಾದರೆ ನಿಮ್ಮ ಷರತ್ತಿಗೆ ಮೂರು ಗುಣ ಬೇಕು: ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು, ಪ್ರೀತಿಯೇ ಅದನ್ನು ಮುರಿಯುವಂತಿರಬೇಕು, ಮುರಿಯದಿದ್ದರೂ ಅದಕ್ಕೊಂದು ಬೆಲೆ ತೆರುತ್ತಿರಬೇಕು.

ಒಂದನ್ನು ಕಟ್ಟಿಯೇ ನೋಡೋಣ. ಮುಂಬೈಯ ದಾದರ್ ಟಿಟಿ ವೃತ್ತದ ಹೆಸರಿನಲ್ಲಿರುವ ‘ಟಿಟಿ’ ಎಂದರೆ ಟ್ರಾಮ್ ಟರ್ಮಿನಸ್. ಬೋರಿಬಂದರಿನಿಂದ ದಾದರಿಗೆ ಮುಂಬೈಯ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರ ರಾತ್ರಿ. ನಮ್ಮ ದೆವ್ವ ಕುಂದಾಪುರದ ಕಡೆಯವನು. ದಾದರಿನ ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿ ಸಪ್ಲೈಯರ್ ಆದವನು, ಮುಂಬೈಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿಶಾಲೆಗೆ ಹೋಗಿ ಟ್ರಾಮಿನಲ್ಲಿ ಮರಳುತ್ತಿದ್ದವನು. ಆ ಕೊನೆಯ ರಾತ್ರಿಯೇ ಸತ್ತ. ಷರತ್ತು: ಹಳೆಯ ಟ್ರಾಮ್ ದಾರಿ ಬಿಟ್ಟು ಅವನು ಆಚೀಚೆ ಹೋಗಲಾರ. ನಾಯಕಿ ಡೊಂಬಿವ್ಲಿಯವಳು, ದಿನವೂ ದಾದರಿನಲ್ಲಿ ಗಾಡಿ ಬದಲಿಸುವವಳು. ಬೆಲೆ: ಅವಳನ್ನು ಒಮ್ಮೆ ಭೇಟಿಯಾದರೆ ತನ್ನ ಬದುಕಿನದೊಂದು ನೆನಪು ಅವನಿಂದ ಅಳಿಯುತ್ತದೆ. ಅವಳು ಬಂದಷ್ಟೂ ಅವನು ಬರಿದಾಗುತ್ತಾನೆ. ಬಾರದಿದ್ದರೆ ಒಂಟಿ. ಇನ್ನು ಖಳನಾಯಕನ ಅಗತ್ಯವೇ ಇಲ್ಲ.

ಈಗ ಒಂದು ನೋಟುಪುಸ್ತಕದಲ್ಲಿ ಎರಡು ಕಾಲಂ ಎಳೆಯಿರಿ. ಎಡಕ್ಕೆ ಭೇಟಿ, ಬಲಕ್ಕೆ ಮರೆತದ್ದು. 60,000 ಪದಗಳ ಕಾದಂಬರಿಗೆ ಒಂಬತ್ತು ಭೇಟಿ ಸಾಕು. ಮರೆವು ಸಣ್ಣದರಿಂದ ಶುರುವಾಗಲಿ: ಹೋಟೆಲಿನ ಗಲ್ಲಾದ ಮೇಲಿದ್ದ ಪಟ ಯಾವ ದೇವರದು, ರಾತ್ರಿಶಾಲೆಯಲ್ಲಿ ಕಲಿತ ಪದ್ಯದ ಎರಡನೇ ಸಾಲು, ಊರಿನ ಹೊಳೆಯ ಹೆಸರು. ತಾಯಿಯ ಮುಖವನ್ನು ಎಂಟನೇ ಭೇಟಿಗೆ ಇಟ್ಟುಕೊಳ್ಳಿ. ಮೊದಲೇ ಖರ್ಚು ಮಾಡಿದರೆ ಮುಂದೆ ಏರಿಸಲು ಏನೂ ಉಳಿಯುವುದಿಲ್ಲ.

ಷರತ್ತು ಓದುಗರಿಗೆ ಮೂರನೇ ಅಧ್ಯಾಯದೊಳಗೆ ತಿಳಿಯಲಿ. ಗುಟ್ಟಾಗಿಟ್ಟು ಕೊನೆಗೆ ಬಿಚ್ಚಿದರೆ ಒಂದು ಕ್ಷಣದ ಅಚ್ಚರಿ ಸಿಗುತ್ತದೆ, ಮೊದಲೇ ಹೇಳಿದರೆ ಇನ್ನೂರು ಪುಟದ ಆತಂಕ ಸಿಗುತ್ತದೆ. ಒಮ್ಮೆ ಹೇಳಿದ ಮೇಲೆ ಸಡಿಲಿಸಬೇಡಿ. ‘ಹುಣ್ಣಿಮೆಯ ದಿನ ಮಾತ್ರ ಅವನು ಡೊಂಬಿವ್ಲಿಗೂ ಬರಬಲ್ಲ’ ಎಂದು ಇಪ್ಪತ್ತನೇ ಅಧ್ಯಾಯದಲ್ಲಿ ಸೇರಿಸಿದ ಕ್ಷಣ ಓದುಗರು ನಂಬಿಕೆ ಕಳೆದುಕೊಳ್ಳುತ್ತಾರೆ. ಕೊನೆಯಲ್ಲಿ ಮಂತ್ರವಾದಿಯನ್ನು ಕರೆಸಿ ಎಲ್ಲ ಬಿಡಿಸುವುದೂ ಇದೇ ತಪ್ಪು.

ಆನ್‌ಲೈನಿನಲ್ಲಿ ಮಾರುವ ಸಿದ್ಧ ಕಥಾಚೌಕಟ್ಟುಗಳಿಗೆ ದುಡ್ಡು ಹಾಕಬೇಡಿ. ಮೊದಲ ಚುಂಬನ ಎಷ್ಟನೇ ಪುಟದಲ್ಲಿ ಎಂದು ಅವು ಹೇಳಿಯಾವು. ನಿಮ್ಮ ದೆವ್ವ ದಾದರಿನಿಂದಾಚೆ ಯಾಕೆ ಬರಲಾರ ಎಂದು ಹೇಳುವುದಿಲ್ಲ.

ಹಂತ 3: ಭಯ ಮತ್ತು ಬಯಕೆ

ಎದೆ ಬಡಿತ ಏರುವುದು, ಉಸಿರು ಬಿಗಿಯುವುದು, ಅಂಗೈ ಬೆವರುವುದು ಭಯಕ್ಕೂ ಬಯಕೆಗೂ ಸಮಾನ. ಆದ್ದರಿಂದ ಮೊದಲ ಎರಡು ಭೇಟಿಗಳಲ್ಲಿ ದೇಹವನ್ನಷ್ಟೇ ಬರೆಯಿರಿ, ಭಾವಕ್ಕೆ ಹೆಸರು ಕೊಡಬೇಡಿ. ತಣ್ಣನೆಯ ಗಾಳಿ, ಊಳಿಡುವ ನಾಯಿ, ಆರುವ ದೀಪ, ಇವೆಲ್ಲ ಸವೆದ ನಾಣ್ಯಗಳು. ಅವನ ಕಸುಬಿನಿಂದ ಸುಳಿವು ತೆಗೆಯಿರಿ: ಡಿಕಾಕ್ಷನ್ ವಾಸನೆ, ಮೇಜು ಒರೆಸಿದ ಒದ್ದೆ ಬಟ್ಟೆಯ ಕಮಟು. ದಾದರ್ ಟಿಟಿಯ ನಸುಕಿನ ಗದ್ದಲದ ನಡುವೆ ಆ ವಾಸನೆ ಬಂದರೆ ಅವಳು ತಿರುಗಿ ನೋಡಲೇಬೇಕು.

ಹಂತ 4: ಮಾತು

ಸತ್ತವನ ಭಾಷೆ ಸತ್ತ ವರ್ಷದಲ್ಲೇ ನಿಂತಿರುತ್ತದೆ. ಅವನು ‘ಬೊಂಬಾಯಿ’ ಎನ್ನುತ್ತಾನೆ, ಅವಳು ‘ಮುಂಬೈ’. ‘ಹ್ವಾಯ್, ಎಲ್ಲಿಗ್ ಹೊರ್ಟ್ರಿ?’ ಎಂದು ಅವನು ಕೇಳಿದರೆ, ಮರಾಠಿ ಬೆರೆತ ಕನ್ನಡದ ಅವಳಿಗೆ ಅದು ತನ್ನ ಅಜ್ಜನ ದನಿಯಂತೆ ಕೇಳಬೇಕು. ಆದರೆ ಪ್ರತಿ ವಾಕ್ಯಕ್ಕೂ ಕುಂದಾಪ್ರ ಬಳಿಯಬೇಡಿ, ಮೂರಕ್ಕೆ ಒಂದು ಸಾಕು. ‘ನೀವು’ ಇಂದ ‘ನೀನು’ಗೆ ಜಾರುವ ಘಳಿಗೆ ಕನ್ನಡದ ಪ್ರೇಮಕತೆಗೆ ದಕ್ಕಿದ ದೊಡ್ಡ ಆಸ್ತಿ. ಅದನ್ನು ನಡುಭಾಗದಲ್ಲಿ ಒಮ್ಮೆ ಬಳಸಿ, ಅವಳ ಬಾಯಲ್ಲಿ ಮೊದಲು ಬರಲಿ. ಕತೆಯನ್ನು ಬದುಕಿರುವವಳ ಕಣ್ಣಿನಿಂದಲೇ ಹೇಳಿ. ಅವನ ಮನಸ್ಸಿನೊಳಗೆ ಓದುಗರನ್ನು ಬಿಟ್ಟರೆ ಅವನು ಬರೀ ಬೆಳ್ಳನೆಯ ಗಂಡಸಾಗುತ್ತಾನೆ.

ಅವಳಿಗೆ ಬಿಟ್ಟು ಹೋಗುವ ದಾರಿ ಕೊನೆಯವರೆಗೂ ತೆರೆದಿರಲಿ. ಹಿಂಬಾಲಿಸುವ, ಬೆದರಿಸುವ ದೆವ್ವವನ್ನು ಪ್ರೇಮಿ ಎಂದು ಬರೆಯಬಾರದು.

ಹಂತ 5: ಕೊನೆ

ದೆವ್ವದ ಕತೆಯ ಕೊನೆಗೆ ದೆವ್ವ ಹೋಗಬೇಕು, ಪ್ರೇಮಕತೆಯ ಕೊನೆಗೆ ಇಬ್ಬರೂ ಸೇರಬೇಕು. ಈ ಜಗ್ಗಾಟದಲ್ಲಿ ಹಲವರು ನಾಯಕಿಯನ್ನು ಸಾಯಿಸಿ ಅವನ ಪಕ್ಕ ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ಅದು ಸಾವನ್ನು ಪರಿಹಾರ ಎಂದು ಹೇಳಿದಂತೆ.

ಕರಾವಳಿಯ ಪ್ರೇತ ಮದುವೆ ಇಲ್ಲಿ ಒದಗುತ್ತದೆ. ಮದುವೆಯಾಗದೆ ಸತ್ತ ಗಂಡು ಹೆಣ್ಣಿಗೆ ಎರಡೂ ಮನೆಯವರು ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನೊಳಗೆ, ಸೀರೆ ಪಂಚೆ ಇಟ್ಟು ಮದುವೆ ಮಾಡುವ ಪದ್ಧತಿ ಅದು. ಊರಿನಲ್ಲಿ ಅವನ ತಮ್ಮನ ಮಕ್ಕಳು ದೊಡ್ಡಪ್ಪನಿಗೆ ಸತ್ತ ಹೆಣ್ಣೊಂದನ್ನು ಗೊತ್ತು ಮಾಡಿದ್ದಾರೆ ಎಂಬ ಸುದ್ದಿ ಅವಳಿಗೆ ಮುಟ್ಟಲಿ. ಅದೇ ಆಟಿಯ ಮಳೆಗೆ ದಾದರಿನ ಬಳಿಯ ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು. ಒಂಬತ್ತನೇ ಭೇಟಿ, ಅವನಿಗೆ ತನ್ನ ಹೆಸರೂ ಮರೆತಿದೆ. ಆದರೆ ಅವನು ಮರೆತದ್ದನ್ನೆಲ್ಲ ಅವಳು ಕೇಳಿ ಇಟ್ಟುಕೊಂಡಿದ್ದಾಳೆ. ಒಂದೊಂದಾಗಿ ಅವನಿಗೇ ಹೇಳತೊಡಗುತ್ತಾಳೆ. ಷರತ್ತು ಮುರಿಯಲಿಲ್ಲ, ಬೆಲೆಯನ್ನು ಇಬ್ಬರೂ ಹಂಚಿಕೊಂಡರು. ಊರಿನವರಿಗೆ ಫೋನು ಮಾಡಿ ಮದುವೆ ಬೇಡ ಎನ್ನುವುದು ಅವಳ ಮೇಲಿದೆ.

ಹಂತ 6: ತಿದ್ದುವುದು, ಕಳಿಸುವುದು

ಕಂತು 1,200ರಿಂದ 1,500 ಪದ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಬರೆದು ಕತೆ ಪ್ರಕಟಿಸುವ ಆ್ಯಪ್‌ಗೆ ಅಂಟಿಸಿದರೆ ಓದಲಾಗದ ಗೀಟುಗಳಾಗುತ್ತವೆ, ಪರಿವರ್ತಿಸಿದರೂ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ. ಕೊನೆಗೆ ಕೆಂಪು ಪೆನ್ನು ಹಿಡಿದು, ಷರತ್ತನ್ನು ಬಾಯಿಬಿಟ್ಟು ಹೇಳಿದ ಕಡೆಗಳಿಗೆಲ್ಲ ಗೆರೆ ಎಳೆಯಿರಿ. ಮೂರಕ್ಕಿಂತ ಹೆಚ್ಚಿದ್ದರೆ ಉಳಿದವನ್ನು ಹೊಡೆದುಹಾಕಿ. ಅವುಗಳ ಜಾಗದಲ್ಲಿ ಅವನು ದಾದರ್ ಟಿಟಿಯ ವೃತ್ತದಲ್ಲಿ ನಿಂತುಬಿಡಲಿ, ಅವಳು ಮಾತ್ರ ಸ್ಟೇಷನ್ನಿನ ಕಡೆ ನಡೆಯಲಿ.